ಬ್ರೇಕಿನ ಕೆಳಗೊಂದು ನಿಂಬೆಹಣ್ಣು

ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರನ್ನು ಅವರ ಬೆನ್ನ ಹಿಂದೆ ನಿಂತು ನೋಡಬೇಕು. ಪರದೆಯಲ್ಲಿ ಎಡತಿರುವು ಬಂದರೆ ಮೊದಲು ತಲೆ ಎಡಕ್ಕೆ ವಾಲುತ್ತದೆ, ಆಮೇಲೆ ಭುಜ, ಅದರ ಹಿಂದೆಯೇ ಸೊಂಟ. ತಿರುವು ತೀರಾ ಕಡಿದಾಗಿದ್ದರೆ ಬಲಗಾಲು ನೆಲ ಬಿಟ್ಟು ಏಳುವುದೂ ಉಂಟು. ಇಷ್ಟೆಲ್ಲ ಕಸರತ್ತು ನಡೆಯುವಾಗ ಪಾಪ ಆ ಕಾರಿಗೆ ತಲುಪುತ್ತಿರುವ ಸುದ್ದಿ ಒಂದೇ: ಎಡಬಾಣದ ಕೀ ಒತ್ತಿದೆ, ಇಲ್ಲವೇ ಒತ್ತಿಲ್ಲ. ಸೊಂಟದ ಲೆಕ್ಕವನ್ನು ಕೀಬೋರ್ಡು ಇಟ್ಟುಕೊಳ್ಳುವುದಿಲ್ಲ. ಸೈಬರ್ ಕೆಫೆಗಳ ಕಾಲದಲ್ಲಿ ಪಕ್ಕದ ಕುರ್ಚಿಯವರ ಮೈಮೇಲೆಯೇ ವಾಲಿ ಬೈಸಿಕೊಂಡವನು ನಾನು. ಅವರು ಪರೀಕ್ಷೆಯ ರಿಸಲ್ಟ್ ನೋಡಲು ಬಂದವರು, ಅವರ ಚಿಂತೆ ಅವರಿಗೆ.

ಆ ಕೆಫೆಗಳಲ್ಲಿ ನಡೆಯುತ್ತಿದ್ದದ್ದು ‘ನೀಡ್ ಫಾರ್ ಸ್ಪೀಡ್’. 1994ರಲ್ಲಿ ಇದು ಮೊದಲು ಬಂದಾಗ ‘ರೋಡ್ ಆಂಡ್ ಟ್ರ್ಯಾಕ್’ ಎಂಬ ಅಮೆರಿಕದ ಕಾರು ಪತ್ರಿಕೆಯವರನ್ನು ಜೊತೆಗೆ ಕೂರಿಸಿಕೊಂಡು, ಕಾರಿನ ನಡತೆ ನಿಜದ ಹಾಗೇ ಇರಬೇಕೆಂದು ಹಟ ಹಿಡಿದು ಮಾಡಿದ್ದರು. ನಮ್ಮ ಕೈಗೆ ಸಿಕ್ಕಿದ್ದು ಎರಡನೆಯದು. ಅಷ್ಟರಲ್ಲಿ ಹಟ ಸಡಿಲಾಗಿತ್ತು. ಗುಟ್ಟಿನ ಪದವೊಂದನ್ನು ಟೈಪ್ ಮಾಡಿದರೆ ಸ್ಕೂಲ್ ಬಸ್ಸೂ ಫೆರಾರಿಯ ಪಕ್ಕ ರೇಸಿಗೆ ನಿಲ್ಲುತ್ತಿತ್ತು. ನಮಗೆ ಅದೇ ಇಷ್ಟ. ಫೆರಾರಿಯನ್ನು ಯಾರು ಕಂಡಿದ್ದರು? ಸ್ಕೂಲ್ ಬಸ್ಸನ್ನು ದಿನಾ ಕಾಣುತ್ತಿದ್ದೆವು.

ತಮಾಷೆಯೆಂದರೆ, ಈ ಆಟಗಳು ಹುಟ್ಟಿದ್ದೇ ಸ್ಟೇರಿಂಗ್ ಸಮೇತ. 1974ರಲ್ಲಿ ಅಟಾರಿಯವರು ‘ಗ್ರಾನ್ ಟ್ರ್ಯಾಕ್ 10’ ಎಂಬ ಪೆಟ್ಟಿಗೆಯನ್ನು ಅಂಗಡಿಗಳಲ್ಲಿ ನಿಲ್ಲಿಸಿದಾಗ ಅದರ ಮುಂದೆ ಸ್ಟೇರಿಂಗ್ ಚಕ್ರ, ಗೇರ್ ಕೋಲು, ಪೆಡಲು ಎಲ್ಲವೂ ಇದ್ದವು. ಪರದೆಯಲ್ಲಿದ್ದ ಕಾರು ಮಾತ್ರ ನಾಲ್ಕಾರು ಚುಕ್ಕೆ. ಮುಂದೆ ಕಂಪ್ಯೂಟರು ಮನೆಗೆ ಬಂತು, ಕಾರಿನ ಬಾನೆಟ್ಟಿನ ಮೇಲೆ ಮೋಡ ಪ್ರತಿಫಲಿಸುವಷ್ಟು ಚಿತ್ರ ಸುಧಾರಿಸಿತು, ಸ್ಟೇರಿಂಗ್ ಹೋಗಿ ನಾಲ್ಕು ಬಾಣದ ಕೀಗಳು ಉಳಿದವು.

ಬಾಣದ ಕೀಗೆ ಮಧ್ಯಮ ಮಾರ್ಗ ಗೊತ್ತಿಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ನಿಜವಾದ ಕಾರಿನ ಸ್ಟೇರಿಂಗನ್ನು ಹಾಗೆ ಪೂರ್ತಿ ತಿರುಗಿಸಿದರೆ ಕಾರು ತಿರುಗುವುದೇ ಇಲ್ಲ. ಮುಂದಿನ ಟೈರುಗಳು ಹಿಡಿತ ಬಿಟ್ಟು ನೆಟ್ಟಗೆ ಬೇಲಿಯತ್ತ ಜಾರುತ್ತವೆ. ಆಟದಲ್ಲಿ ಹಾಗಾಗುವುದಿಲ್ಲ. ಏಕೆಂದರೆ ನಾವು ಕೀ ಒತ್ತಿದ ಮೇಲೆ ಒಳಗೆ ಇನ್ನೊಬ್ಬ ಅದನ್ನು ನೋಡಿ, ‘ಆಯ್ತು, ಇವನಿಗೆ ಎಡಕ್ಕೆ ಹೋಗಬೇಕಂತೆ’ ಎಂದುಕೊಂಡು, ವೇಗಕ್ಕೆ ತಕ್ಕಷ್ಟೇ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾನೆ. ವೇಗ ಹೆಚ್ಚಿದಷ್ಟೂ ಕಡಿಮೆ ತಿರುಗಿಸುತ್ತಾನೆ. ಕಾರಿನ ಹಿಂಭಾಗ ಜಾರಿದರೆ ನಮಗೆ ಹೇಳದೆಯೇ ವಿರುದ್ಧ ದಿಕ್ಕಿಗೆ ಒಂಚೂರು ಎಳೆದು ಸರಿ ಮಾಡುತ್ತಾನೆ. ಲಾರಿಯ ಹಿಂದೆ ನಿಂತು ಬಾಡಿಗೆ ಟಪಟಪ ಬಡಿದು ‘ಲೆಫ್ಟ್ ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುವ ಕ್ಲೀನರ್ ಹುಡುಗನ ಕೆಲಸ ನಮ್ಮದು. ಗಾಡಿ ಓಡಿಸುವವನು ಒಳಗಿದ್ದಾನೆ. ಹೀಗೆ ಕ್ಲೀನರಾಗಿಯೇ ವರ್ಷಗಟ್ಟಲೆ ಕಪ್ ಗೆದ್ದು ನಾನು ಡ್ರೈವರೆಂದು ಓಡಾಡಿಕೊಂಡಿದ್ದೆ.

ಆಮೇಲೆ ಕೈಯಲ್ಲಿ ಸಂಬಳ ಆಡಿತು. ಸ್ಟೇರಿಂಗ್ ವೀಲ್ ಮತ್ತು ಮೂರು ಪೆಡಲುಗಳ ಸೆಟ್ಟು ಮನೆಗೆ ಬಂತು. ಮೇಜಿನ ಅಂಚಿಗೆ ಕಚ್ಚಿಸುವ ಕ್ಲಾಂಪನ್ನು ಬಿಗಿ ಮಾಡಿದ ಕೂಡಲೇ ಮೇಜಿನ ಮೈಕಾ ‘ಚಟ್’ ಎಂದಿತು. ಅದರ ಕೆಳಗಿನ ಪ್ಲೈವುಡ್ ಹಪ್ಪಳದ ಹಾಗೆ ಪದರು ಬಿಟ್ಟಿತು. ಅದನ್ನು ಯಾರಿಗೂ ಕಾಣದಂತೆ ಮೌಸ್ ಪ್ಯಾಡಿನಿಂದ ಮುಚ್ಚಿ ಸ್ವಿಚ್ ಹಾಕಿದೆ. ಈ ಜಾತಿಯ ವೀಲುಗಳಿಗೆ ಒಂದು ಅಭ್ಯಾಸವಿದೆ. ವಿದ್ಯುತ್ ಬಂದೊಡನೆ ತನ್ನ ಮಧ್ಯ ಎಲ್ಲಿದೆಯೆಂದು ತಿಳಿದುಕೊಳ್ಳಲು ಒಳಗಿನ ಮೋಟಾರು ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಗರಗರ ತಿರುಗಿಸಿ, ಆಮೇಲೆ ಮಧ್ಯಕ್ಕೆ ತಂದು ನಿಲ್ಲಿಸುತ್ತದೆ. ಕೆಲವೇ ಸೆಕೆಂಡು. ಆ ಹೊತ್ತಿಗೇ ಅಮ್ಮ ಕಾಫಿ ತಂದರು. ಕುರ್ಚಿಯಲ್ಲಿ ಯಾರೂ ಇಲ್ಲ, ನಾನು ಮೇಜಿನ ಕೆಳಗೆ ವೈರು ಹುಡುಕುತ್ತಿದ್ದೇನೆ, ಚಕ್ರ ತಾನಾಗಿ ತಿರುಗುತ್ತಿದೆ. ಕಾಫಿ ಹೇಗೋ ಉಳಿಯಿತು. ಅವರ ನಂಬಿಕೆ ಉಳಿಯಲಿಲ್ಲ. ಅಂದಿನಿಂದ ಆ ಕೋಣೆಯ ಕಸ ಗುಡಿಸುವ ಮುಂಚೆ ಪ್ಲಗ್ ಕಿತ್ತಿದೆಯೇ ಎಂದು ನೋಡುತ್ತಾರೆ.

ಇನ್ನು ಓಡಿಸುವ ವಿಷಯ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನಿಂದಲೇ ಶುರು ಮಾಡೋಣವೆಂದುಕೊಂಡೆ. 1927ರಲ್ಲಿ ತೆರೆದ ಟ್ರ್ಯಾಕು. ಅದರ ಉತ್ತರದ ಸುತ್ತು ಒಂದೇ 20.8 ಕಿಲೋಮೀಟರ್, ಕಾಡು ಗುಡ್ಡಗಳ ನಡುವೆ ಎಪ್ಪತ್ತಕ್ಕೂ ಹೆಚ್ಚು ತಿರುವು. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಅದನ್ನು ‘ಹಸಿರು ನರಕ’ ಎಂದು ಕರೆದಿದ್ದರು. ಇಟಲಿಯವರ ‘ಅಸೆಟ್ಟೊ ಕೋರ್ಸಾ’ ಆಟಕ್ಕಾಗಿ ಆ ರಸ್ತೆಯನ್ನು ಲೇಸರ್ ಹಾಕಿ ಅಳೆದು, ಉಬ್ಬುತಗ್ಗು ಸಮೇತ ಒಳಗಿಟ್ಟಿದ್ದಾರೆ. ನಮ್ಮ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಬಸ್ಸಿನ ಕಿಟಕಿಯಲ್ಲಿ ಕೂತು ವಾಂತಿ ಮಾಡದೆ ದಾಟಿದ ಅನುಭವ ಇತ್ತಲ್ಲ, ಅದೇ ಧೈರ್ಯ.

ಸಹಾಯಗಳೆಲ್ಲ ಬೇಕೇ ಎಂದು ಆಟ ಕೇಳಿತು. ಬೇಡವೆಂದೆ. ಅಲ್ಲಿಗೆ ಒಳಗಿದ್ದ ಡ್ರೈವರು ರಾಜೀನಾಮೆ ಕೊಟ್ಟು ಹೋದ.

ನನ್ನ ವೀಲು ಈ ತುದಿಯಿಂದ ಆ ತುದಿಗೆ 900 ಡಿಗ್ರಿ ತಿರುಗುತ್ತದೆ, ಅಂದರೆ ಎರಡೂವರೆ ಸುತ್ತು. ಮನೆಬಳಕೆಯ ಕಾರುಗಳದ್ದೂ ಹೆಚ್ಚುಕಡಿಮೆ ಅಷ್ಟೇ, ಕೆಲವದು ಮೂರು ಸುತ್ತಿಗೂ ಮೀರುತ್ತದೆ. ಮೊದಲ ತಿರುವಿನಲ್ಲಿ ಚಕ್ರ ಎಳೆದೆ; ಕಾರು ಕೊಂಚ ಯೋಚಿಸಿ ನೆಟ್ಟಗೇ ಹೋಯಿತು. ಇನ್ನಷ್ಟು ಎಳೆದೆ, ಇನ್ನಷ್ಟು ನೆಟ್ಟಗೆ ಹೋಯಿತು. ಟೈರಿನ ಸ್ವಭಾವವೇ ಅದು. ಅದು ನೋಡುತ್ತಿರುವ ದಿಕ್ಕಿಗೂ ಹೋಗುತ್ತಿರುವ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇದ್ದಾಗ ಹಿಡಿತ ಅತಿ ಹೆಚ್ಚು. ಆ ಗಡಿ ದಾಟಿದರೆ ತಿರುಗಿಸಿದಷ್ಟೂ ಹಿಡಿತ ಇಳಿಯುತ್ತದೆ. ಇದನ್ನು ಲೆಕ್ಕಕ್ಕೆ ತಂದವರು ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಚೇಕಾ. 1980ರ ದಶಕದಲ್ಲಿ ಅವರೂ ಅವರ ಜೊತೆಗಾರರೂ ರೂಪಿಸಿದ ಸಮೀಕರಣ, ನಿಜವಾದ ಟೈರುಗಳ ಅಳತೆಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಆದರೆ ಈ ರೂಪವೇ ಏಕೆ ಎಂದರೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಹಾಗಾಗಿ ಅದರ ಹೆಸರೇ ‘ಮ್ಯಾಜಿಕ್ ಫಾರ್ಮುಲಾ’. ಎಷ್ಟೋ ರೇಸ್ ಆಟಗಳ ಟೈರುಗಳು ಈ ಸೂತ್ರದ ಅಥವಾ ಅದರ ದಾಯಾದಿಗಳ ಮೇಲೆ ಉರುಳುತ್ತವೆ. ಅಂದರೆ ನೈಜತೆ, ನೈಜತೆ ಎಂದು ನಾವು ಬಡಿದುಕೊಳ್ಳುವುದರ ತಳದಲ್ಲೇ ಇಂಜಿನಿಯರುಗಳು ಒಪ್ಪಿಕೊಂಡ ಒಂದು ಮಾಟ ಕೂತಿದೆ. ಇದನ್ನು ನೆನಪಿಟ್ಟುಕೊಳ್ಳಿ, ಅಮ್ಮನ ಪರ ವಾದಕ್ಕೆ ಬೇಕಾಗುತ್ತದೆ.

ನನಗೆ ಹೆಚ್ಚು ಕಾಟ ಕೊಟ್ಟದ್ದು ಸ್ಟೇರಿಂಗ್ ಅಲ್ಲ, ಬ್ರೇಕು. ನಿಜವಾದ ಕಾರಿನ ಬ್ರೇಕ್ ಪೆಡಲು ಒತ್ತಿದಷ್ಟೂ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಕಾಲಿಗೆ ನೆನಪಿರುವುದು ಎಷ್ಟು ಜೋರಾಗಿ ತುಳಿದೆ ಎಂಬುದು, ಎಷ್ಟು ದೂರ ತುಳಿದೆ ಎಂಬುದಲ್ಲ. ನನ್ನ ಪೆಡಲಿನ ಒಳಗಿದ್ದದ್ದು ಒಂದು ಬಡಪಾಯಿ ಸ್ಪ್ರಿಂಗು, ಮತ್ತು ದೂರವನ್ನು ಮಾತ್ರ ಅಳೆಯುವ ಒಂದು ಸೆನ್ಸರು. ಹೆದರಿ ತುಳಿದರೆ ಪೆಡಲು ನೆಲ ಮುಟ್ಟಿತು, ಚಕ್ರ ನಾಲ್ಕೂ ಲಾಕ್ ಆದವು. ಲಾಕ್ ಆದ ಚಕ್ರಕ್ಕೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಒಂದೇ. ಒತ್ತಡವನ್ನೇ ಅಳೆಯುವ ಪೆಡಲುಗಳೂ ಸಿಗುತ್ತವೆ. ಬೆಲೆ ನೋಡಿದರೆ ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರನ್ನೇ ತಗೊಂಡು ನಿಜವಾದ ಬ್ರೇಕ್ ಹಿಡಿಯಬಹುದು.

ಹೀಗಿರುವಾಗ ಆಯುಧಪೂಜೆ ಬಂತು. ಅಮ್ಮ ಗ್ಯಾಸ್ ಸಿಲಿಂಡರು, ಮಿಕ್ಸಿ, ಹೊಲಿಗೆ ಯಂತ್ರ ಮುಗಿಸಿ ನನ್ನ ಕೋಣೆಗೆ ಬಂದರು. ಚಕ್ರ ತಾನಾಗಿ ತಿರುಗಿದ್ದು ಅವರಿಗೆ ಮರೆತಿರಲಿಲ್ಲ. ವೀಲಿಗೆ ಅರಿಶಿನ ಕುಂಕುಮ ಆಯಿತು, ಸೇವಂತಿಗೆ ಹಾರ ಆಯಿತು. ನಿಂಬೆಹಣ್ಣು ಇಡುವಾಗ ಸಮಸ್ಯೆ. ಗಾಡಿಯಾದರೆ ಗಾಲಿಯ ಕೆಳಗಿಟ್ಟು ಅದರ ಮೇಲೆ ಹತ್ತಿಸಬೇಕು. ಈ ಗಾಡಿಗೆ ಗಾಲಿ ಎಲ್ಲಿ?

“ತುಳಿಯೋದು ಯಾವುದನ್ನ?” ಎಂದರು. ತೋರಿಸಿದೆ. ಮೂರರಲ್ಲಿ ನಡುವಿನದನ್ನು ಆರಿಸಿ, ಪೆಡಲಿನ ಹಿಂದಿನ ಸಂದಿಯಲ್ಲಿ ಒಂದು ಗಟ್ಟಿಗಾಯಿ ನಿಂಬೆಹಣ್ಣನ್ನು ತುರುಕಿದರು.

ರಾತ್ರಿ ಆಡಲು ಕೂತೆ. ತಿರುವು ಬಂತು, ಬ್ರೇಕ್ ತುಳಿದೆ. ಪೆಡಲು ಅರ್ಧದವರೆಗೆ ಸಲೀಸಾಗಿ ಹೋಗಿ, ಅಲ್ಲಿಂದ ಮುಂದಕ್ಕೆ ಕಾಲನ್ನೇ ತಳ್ಳತೊಡಗಿತು. ಜೋರಾಗಿ ಒತ್ತಿದರೆ ಒಂಚೂರು ಹೋಗುತ್ತದೆ, ಇನ್ನೂ ಜೋರಾಗಿ ಒತ್ತಿದರೆ ಇನ್ನೊಂಚೂರು. ಚಕ್ರ ಲಾಕ್ ಆಗಲಿಲ್ಲ. ಕಾರು ತಿರುಗಿತು! ಮುಂದಿನ ತಿರುವಿನಲ್ಲೂ ತಿರುಗಿತು. ಅಂದು ನನ್ನ ಲ್ಯಾಪ್ ಟೈಮು ಹಿಂದೆಂದೂ ಕಾಣದಷ್ಟು ಇಳಿಯಿತು. ಇದು ದೈವಲೀಲೆಯೇನಲ್ಲ. ಈ ಆಟದ ಹುಚ್ಚಿರುವವರು ಜಗತ್ತಿನ ಎಲ್ಲೆಡೆ ರಬ್ಬರ್ ಚೆಂಡನ್ನು ಅರ್ಧ ಕತ್ತರಿಸಿ ಬ್ರೇಕ್ ಪೆಡಲಿನ ಹಿಂದೆ ಇಡುತ್ತಾರೆ, ಇದೇ ಕಾರಣಕ್ಕೆ. ಆದರೆ ಈ ವಿವರಣೆಯನ್ನು ಅಮ್ಮನಿಗೆ ಒಪ್ಪಿಸುವ ಧೈರ್ಯ ಯಾರಿಗಿದೆ? ಹಾಲೆಂಡಿನ ಪ್ರೊಫೆಸರರಿಗೆ ಮ್ಯಾಜಿಕ್ ಇರಬಹುದಾದರೆ ಇವರಿಗೇಕೆ ಬೇಡ?

ಸಸ್ಪೆನ್ಷನ್ ಎಷ್ಟೇ ಚೆನ್ನಾಗಿದ್ದರೂ ನಿಂಬೆಹಣ್ಣಿಗೆ ಆಯಸ್ಸು ಕಡಿಮೆ. ಕೆಲವು ದಿನಗಳ ನಂತರ ಅದು ಸೀಳಿ ರಸ ಒಳಗಿನ ಸೆನ್ಸರಿಗೆ ಇಳಿಯಿತು. ನೇರ ರಸ್ತೆಯಲ್ಲಿ, ನಾನು ಆಕ್ಸಿಲರೇಟರ್ ಮೇಲೆ ನಿಂತಿರುವಾಗ, ಕಾರು ತನಗೆ ತೋಚಿದಾಗಲೆಲ್ಲ ಬ್ರೇಕ್ ಹಾಕತೊಡಗಿತು. ಪೆಡಲು ಬಿಚ್ಚಿ ಒರೆಸಿ ಒಣಗಿಸಿದೆ. ಕೋಣೆ ಎರಡು ದಿನ ಚಿತ್ರಾನ್ನದ ವಾಸನೆ ಹೊಡೆಯಿತು. ಈಗ ಅಲ್ಲಿ ರಬ್ಬರ್ ಚೆಂಡಿನ ಹೋಳು ಇದೆ. ಅದನ್ನೂ ಅಮ್ಮ ದೇವರ ಮುಂದೆ ಇಟ್ಟು ಕೊಟ್ಟಿದ್ದಾರೆ.

ದೀಪಾವಳಿಗೆ ಸೋದರಮಾವ ಬಂದರು. ಸಾರಿಗೆ ಸಂಸ್ಥೆಯಲ್ಲಿ ಡ್ರೈವರಾಗಿದ್ದು ನಿವೃತ್ತರಾದವರು. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿಗಳನ್ನು ಕಳೆದವರು. “ಏನೋ ಸ್ಟೇರಿಂಗ್ ಇಟ್ಕೊಂಡಿದೀಯಂತೆ” ಎಂದು ಬಂದು ಕೂತು, ಮೊದಲು ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು. “ಹಾರನ್ ಎಲ್ಲಿ?” ಹಾರನ್ನಿನ ಗುಂಡಿ ತೋರಿಸುವವರೆಗೂ ಗಾಡಿ ತೆಗೆಯಲಿಲ್ಲ. ಜರ್ಮನಿಯ ಕಾರಾದ್ದರಿಂದ ಡ್ರೈವರ್ ಎಡಗಡೆ. “ಕ್ಲೀನರ್ ಸೀಟಲ್ಲಿ ಯಾಕೆ ಕೂರ್ಸಿದೀಯ?” ನಿಂತ ಗಾಡಿಯ ಚಕ್ರವನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ ಮುಖ ಕಿವುಚಿದರು. ಪವರ್ ಸ್ಟೇರಿಂಗ್ ಇಲ್ಲದ ಬಸ್ಸಿನಲ್ಲಿ ನಿಂತಲ್ಲೇ ಚಕ್ರ ಎಳೆಯಬೇಕಾದರೆ ಎರಡೂ ತೋಳು ಸೋಲುತ್ತವೆ, ಗಾಡಿ ಉರುಳಿದ ಮೇಲೆ ಹಗುರ. ಇದು ನಿಂತಾಗ ಗಾಳಿಪಟ, ಓಡಿದಾಗ ಕಲ್ಲು, ಪೂರಾ ಉಲ್ಟಾ ಎಂಬುದು ಅವರ ತಕರಾರು.

ಹೊರಟರು. ಬಲತಿರುವು ಬಂದಾಗ ಇಂಡಿಕೇಟರ್ ಹುಡುಕಿ, ಇಲ್ಲವೆಂದು ತಿಳಿದು, ಬಲಗೈಯನ್ನು ಪಕ್ಕಕ್ಕೆ ಚಾಚಿದರು. ಆ ಕಡೆ ನಾನು ನಿಂತಿದ್ದೆ, ಕೈಯಲ್ಲಿ ಚಕ್ಕುಲಿ ತಟ್ಟೆ ಇತ್ತು. ಹಿಂದಿನಿಂದ ಬಂದ ಕಾರುಗಳಿಗೆಲ್ಲ ಸೈಡ್ ಕೊಟ್ಟರು. “ಸೀಟಿಗೆ ಏನೂ ಗೊತ್ತಾಗ್ತಿಲ್ವಲ್ಲೋ” ಎಂದು ಆಗಾಗ ಗೊಣಗಿದರು. ಅದು ಸತ್ಯವೇ. ನಿಜದಲ್ಲಿ ಗಾಡಿ ಜಾರುವ ಸುದ್ದಿ ಮೊದಲು ಬರುವುದು ಕೂತ ಜಾಗಕ್ಕೆ. ಆಟದಲ್ಲಿ ಆ ತಂತಿಯೇ ಇಲ್ಲ. ಅದಕ್ಕೇ ಎಷ್ಟೋ ಆಟಗಳವರು ಸೊಂಟಕ್ಕೆ ಹೋಗಬೇಕಾದ ಸುದ್ದಿಯನ್ನೂ ಚಕ್ರದ ನಡುಕದಲ್ಲೇ ಸೇರಿಸಿ ಕೈಗೆ ಕಳಿಸುತ್ತಾರೆ. ಮಾವನ ಕೈ ಈ ಕಲಬೆರಕೆಯನ್ನು ಒಪ್ಪಲಿಲ್ಲ.

ಕರುಸೆಲ್ ಎಂಬ ಹೆಸರುವಾಸಿ ತಿರುವು ಬಂತು. ಅಲ್ಲಿ ರಸ್ತೆಯ ಒಳಬದಿಗೆ ಚರಂಡಿಯಂತೆ ಓರೆಯಾದ ಕಾಂಕ್ರೀಟ್ ಪಟ್ಟಿ ಇದೆ. ರೇಸಿನವರು ಬೇಕೆಂದೇ ಅದಕ್ಕೆ ಇಳಿದು ಸುತ್ತುತ್ತಾರೆ. ಮಾವ ಮೇಲಿನ ಡಾಂಬರಿನಲ್ಲೇ ನಿಧಾನಕ್ಕೆ ಹೋಗುತ್ತಾ, “ಕಾಂಕ್ರೀಟ್ ಅರ್ಧಕ್ಕೇ ಬಿಟ್ಟಿದಾರೆ ನೋಡು, ಬಿಲ್ ಮಾತ್ರ ಪೂರ್ತಿ ಎತ್ತಿರ್ತಾರೆ” ಎಂದರು.

ಗೀರಿಲ್ಲದೆ, ಗೋಡೆ ಮುಟ್ಟದೆ, ಒಂದು ಚಕ್ರವೂ ಹುಲ್ಲಿಗಿಳಿಯದೆ ಸುತ್ತು ಮುಗಿಯಿತು. ಸಹಾಯವೆಲ್ಲ ಆಫ್ ಮಾಡಿ ಆ ಟ್ರ್ಯಾಕಿನಲ್ಲಿ ಹಾಗೆ ಬಂದವರನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಎಷ್ಟು ನಿಮಿಷ ಆಯಿತೆಂದು ಅವರು ಕೇಳಲೇ ಇಲ್ಲ. “ಕೆಎಂಪಿಎಲ್ ಎಷ್ಟು ಬಂತು?” ಎಂದರು. ಆಟದಲ್ಲಿ ಟ್ಯಾಂಕಿನ ಲೆಕ್ಕವೂ ಇರುತ್ತದೆ, ತೆಗೆದು ತೋರಿಸಿದೆ. ಬೆರಳಲ್ಲೇ ಭಾಗಾಕಾರ ಮಾಡಿ ತಲೆಯಾಡಿಸಿದರು.

“ಒಬ್ಬ ಪ್ಯಾಸೆಂಜರ್ ಇಲ್ಲ, ಲಗೇಜ್ ಇಲ್ಲ, ಲೀಟರಿಗೆ ನಾಲ್ಕೂ ಇಲ್ವಾ? ನಮ್ಮ ಡಿಪೋದಲ್ಲಾಗಿದ್ರೆ ಬೆಳಿಗ್ಗೆ ಮೆಮೋ ಕೈಗೆ ಬರ್ತಿತ್ತು. ಸರ್ವಿಸ್‌ಗೆ ಬಿಡು ಇದನ್ನ.”