ಯಾರು ಆಸೀ, ಯಾರು ಅಲ್ಲ?

ಕ್ರಿಕೆಟ್ ನೋಡುವವರಿಗೆಲ್ಲ 'ಆಸೀಸ್' ಗೊತ್ತು. ಪೇಪರಿನ ತಲೆಬರಹದಲ್ಲಿ 'ಆಸ್ಟ್ರೇಲಿಯಾ' ಹಿಡಿಸದಿದ್ದಾಗ ಕೈ ಹಿಡಿಯುವ ಹೆಸರು. ('ಆಸೀಸ್‌ಗೆ ಸೋಲು' ಅಂತಿದ್ದರೆ ಕಾಫಿ ಇನ್ನೂ ರುಚಿ, ಅಲ್ವಾ?) ಅಲ್ಲಿನವರ ಬಾಯಲ್ಲಿ ಅದು ಹೆಚ್ಚು ಕಡಿಮೆ 'ಓಝಿ'.

ಮೊದಲ ಮಹಾಯುದ್ಧದ ಆಸ್ಟ್ರೇಲಿಯನ್ ಸೈನಿಕರು ಓಡಾಡಿಸಿದ ಹೆಸರಿದು. 1918ರಲ್ಲಿ ಫ್ರಾನ್ಸ್‌ನ ರಣರಂಗದಲ್ಲಿ ಅವರಿಗಾಗಿ ಅಚ್ಚಾದ ಪತ್ರಿಕೆಯ ಹೆಸರೂ 'ಆಸೀ'.

ಏನು ಸಿಕ್ಕಿದರೂ ಮೊಟಕು ಮಾಡುವುದು ಅಲ್ಲಿನವರ ಚಟ. ಬಾರ್ಬೆಕ್ಯೂ 'ಬಾರ್ಬಿ', ಪೆಟ್ರೋಲ್ ಬಂಕ್ 'ಸರ್ವೊ', ಸೊಳ್ಳೆ 'ಮಾಝಿ'. 2013ರಲ್ಲಿ ಮೆಕ್‌ಡೊನಾಲ್ಡ್ಸ್ ತಾನೇ ಕೆಲವು ಮಳಿಗೆಗಳಿಗೆ 'ಮ್ಯಾಕಾಸ್' ಅಂತ ಬೋರ್ಡ್ ಹಾಕಿತು. ಪ್ರಧಾನಿ ಆಂಥೊನಿ ಆಲ್ಬನೀಸಿ ಎಲ್ಲರಿಗೂ 'ಆಲ್ಬೊ'. ನಮ್ಮಲ್ಲಿ ಮುಖ್ಯಮಂತ್ರಿಯನ್ನು ಹೀಗೆ ಕರೆದು ನೋಡಿ! ಈ ಸಲಿಗೆ ನನಗೆ ತುಂಬಾ ಇಷ್ಟ.

ಆದರೆ ಆ ಸಲಿಗೆ ಎಲ್ಲರಿಗೂ ಸಿಗಲಿಲ್ಲ. 1901ರ ವಲಸೆ ಕಾನೂನು ಬಿಳಿಯರಲ್ಲದವರಿಗೆ ಬಾಗಿಲು ಹಾಕಿತು. ಆ ನೀತಿ ಪೂರ್ತಿ ಹೋಗಿದ್ದು 1973ರಲ್ಲಿ. ನೆಲದ ಮೂಲನಿವಾಸಿಗಳನ್ನು ಅಧಿಕೃತ ಜನಸಂಖ್ಯೆಯ ಲೆಕ್ಕದಿಂದ ಹೊರಗಿಟ್ಟಿದ್ದ ಸಂವಿಧಾನದ ಸಾಲನ್ನು ತೆಗೆಯಲು 1967ರ ಜನಮತ ಬೇಕಾಯಿತು. ಎರಡನೇ ಮಹಾಯುದ್ಧದ ನಂತರ ಬಂದ ಇಟಲಿ, ಗ್ರೀಸ್‌ನವರಿಗೆ 'ನ್ಯೂ ಆಸ್ಟ್ರೇಲಿಯನ್' ಅಂತ ಬೇರೆ ಪಂಕ್ತಿ. ಅವರ ಮಕ್ಕಳೇನು ಸುಮ್ನಿರಲಿಲ್ಲ. ಟೀವಿಯ ಕಾಂಗರೂ ಸ್ಕಿಪ್ಪಿಯ ಹೆಸರು ಹಿಡಿದು ಬ್ರಿಟಿಷ್ ಮೂಲದ ಬಿಳಿಯರಿಗೆ 'ಸ್ಕಿಪ್' ಅಂತ ಹೆಸರಿಟ್ಟರು. ಒಳ್ಳೆ ಏಟು! ಅಂದಹಾಗೆ, ಆಲ್ಬೊ ಅವರ ಅಪ್ಪ ಇಟಲಿಯವರು.

ಕ್ರಿಕೆಟಿಗ ಉಸ್ಮಾನ್ ಖವಾಜಾ ಕಥೆ ನೋಡಿ. ಹುಟ್ಟಿದ್ದು ಇಸ್ಲಾಮಾಬಾದಿನಲ್ಲಿ. ನಿನ್ನ ಮೈಬಣ್ಣಕ್ಕೆ ಆಸ್ಟ್ರೇಲಿಯಾ ತಂಡ ಸಿಗಲ್ಲ ಅಂದವರಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. 2011ರಲ್ಲಿ ಸಿಡ್ನಿಯಲ್ಲಿ ಮೊದಲ ಟೆಸ್ಟ್ ಆಡಿದರು. ತಂಡದಿಂದ ಹೊರಗೆ, ಒಳಗೆ, ಮತ್ತೆ ಹೊರಗೆ. 2022ರ ಜನವರಿಯಲ್ಲಿ ಅದೇ ಮೈದಾನಕ್ಕೆ ಮರಳಿ ಇಂಗ್ಲೆಂಡ್ ವಿರುದ್ಧ 137 ಮತ್ತು ಔಟಾಗದೆ 101. ಈಗ ಅವರೂ ಮೊಟಕಾಗಿದ್ದಾರೆ, 'ಉಝಿ'. ಆದರೆ ಇಷ್ಟು ರನ್ ಹೊಡೆದ ಮೇಲೆ ಸಿಗುವ ಸಲಿಗೆ ಬೇರೆಯವರಿಗೆ ಏನೂ ಹೊಡೆಯದೆ ಹುಟ್ಟಿನಿಂದಲೇ ಸಿಗುತ್ತದಲ್ಲ, ನನ್ನ ತಕರಾರು ಅದು.

2021ರ ಜನಗಣತಿಯಂತೆ ಭಾರತದಲ್ಲಿ ಹುಟ್ಟಿದವರು ಅಲ್ಲಿ 6.7 ಲಕ್ಷಕ್ಕೂ ಜಾಸ್ತಿ. ಹೊರದೇಶಗಳಲ್ಲಿ ಹುಟ್ಟಿದವರ ಪೈಕಿ ಇಂಗ್ಲೆಂಡಿನವರನ್ನು ಬಿಟ್ಟರೆ ಇವರೇ ಹೆಚ್ಚು. ಕನ್ನಡದ ಮನೆಗಳೂ ಅದರಲ್ಲಿವೆ. ಮೆಲ್ಬರ್ನ್‌ನಲ್ಲಿ ನೀಲಿ ಜರ್ಸಿ ಹಾಕಿ ಕೊಹ್ಲಿಗೆ ಶಿಳ್ಳೆ ಹೊಡೆಯುವ ಹುಡುಗನಿಗೆ 'ಹಾಗಾದರೆ ನೀನು ಆಸೀ ಅಲ್ಲ' ಅನ್ನುವವರು ಅಲ್ಲೂ ಇದ್ದಾರೆ, ಇಲ್ಲಿನ ನಮ್ಮ ನೆಂಟರಲ್ಲೂ ಇದ್ದಾರೆ. ಮರುದಿನ ಅವನು ಕೆಲಸಕ್ಕೆ ಹೋಗುವುದು ಅಲ್ಲೇ, ತೆರಿಗೆ ಕಟ್ಟುವುದು ಅಲ್ಲೇ. ಶಿಳ್ಳೆ ಯಾರಿಗಾದರೂ ಹೊಡೆಯಲಿ ಬಿಡಿ.