ಬೀರುವಿನ ಕೆಳಗಿನ ಅರೆ

ನಿನ್ನೆ ಬೀರು ಖಾಲಿ ಮಾಡಲು ಕೂತೆ. ಕೆಳಗಿನ ಅರೆ ಪೂರ್ತಿ ಮಗನ ಹಳೇ ಸಾಮಾನು. ಎರಡು ವರ್ಷದ ಮಗುವಿನ ಅಳತೆಯ ರೇಷ್ಮೆ ಪೈಜಾಮ, ಎರಡು ಜೊತೆ. ಸ್ನಾನದ ನೀರಿಗೆ ಬೆರೆಸುವ ಎಣ್ಣೆಯ ಬಾಟಲಿ, ಮುಕ್ಕಾಲು ಭಾಗ ಹಾಗೇ ಉಳಿದಿದೆ. ಗಡಸು ನೀರನ್ನು ಮೆದು ಮಾಡುವ ಯಂತ್ರದ ಕರಪತ್ರ. ಅಂಟಿಕೊಂಡು ಹೋದ ಮುಚ್ಚಳಗಳ ಹತ್ತಾರು ಮುಲಾಮು ಟ್ಯೂಬು. ಅದರ ಅಡಿಯಲ್ಲಿ ನಾಲ್ಕು ಪುಟದ ಒಂದು ರಕ್ತ ಪರೀಕ್ಷೆಯ ರಿಪೋರ್ಟು.

ಮಗನಿಗೆ ಈಗ ಒಂಬತ್ತು. ಐದು ತಿಂಗಳ ಕೂಸಾಗಿದ್ದಾಗ ಕೆನ್ನೆಯಲ್ಲಿ ಶುರುವಾಗಿದ್ದು, ಆಮೇಲೆ ಮೊಣಕೈ ಸಂದು, ಮಂಡಿಯ ಹಿಂದೆ, ಕುತ್ತಿಗೆ. ಚರ್ಮ ಒಣಗಿ, ಕೆಂಪಾಗಿ, ವಿಪರೀತ ನವೆ ಬರುವ ಈ ಕಾಯಿಲೆಗೆ ಎಕ್ಸಿಮಾ ಅನ್ನುತ್ತೇವೆ. ಡಾಕ್ಟರ್ ಚೀಟಿಯಲ್ಲಿ ಅದು ಅಟೋಪಿಕ್ ಡರ್ಮಟೈಟಿಸ್. ಈ ಒಂಬತ್ತು ವರ್ಷದಲ್ಲಿ ನಾನು ಓದಿದ ಸಂಶೋಧನೆಯ ಬಗ್ಗೆ ಬಹಳ ದಿನದಿಂದ ಬರೆಯಬೇಕು ಅಂತಿದ್ದೆ. ಈ ಅರೆ ನೋಡಿದ ಮೇಲೆ ಏನು ಬರೆಯಬೇಕು ಅನ್ನೋದು ಹೊಳೆಯಿತು.

ಹೊಸ ಔಷಧಿ ಬಂದರೆ ಎಲ್ಲರೂ ನನಗೆ ಲಿಂಕ್ ಕಳಿಸುತ್ತಾರೆ. ಪ್ರೀತಿಯಿಂದಲೇ ಕಳಿಸುತ್ತಾರೆ, ಬೇಜಾರಿಲ್ಲ. ಆದರೆ ನಮ್ಮ ಮನೆಗೆ ಜಾಸ್ತಿ ಉಪಕಾರ ಮಾಡಿದ್ದು, "ನೋಡಿದೆವು, ಇದರಿಂದ ಏನೂ ಪ್ರಯೋಜನ ಇಲ್ಲ" ಎಂದ ಸಂಶೋಧನೆಗಳು. ಅವುಗಳ ಲಿಂಕನ್ನು ಇಲ್ಲಿಯವರೆಗೆ ಒಬ್ಬರೂ ಕಳಿಸಿಲ್ಲ.

ರೇಷ್ಮೆ ಪೈಜಾಮದಿಂದಲೇ ಶುರು ಮಾಡ್ತೀನಿ. ಬ್ರಿಟನ್ನಿನಲ್ಲಿ ಎಕ್ಸಿಮಾ ಇರುವ 300 ಮಕ್ಕಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ವಿಶೇಷ ರೇಷ್ಮೆ ಬಟ್ಟೆ. ಆರು ತಿಂಗಳಾದ ಮೇಲೆ ನೋಡಿದರೆ ಚರ್ಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇದು ಪ್ರಕಟವಾಗಿದ್ದು 2017ರಲ್ಲಿ. ನಾನು ಪೈಜಾಮ ಕೊಂಡಿದ್ದು ಅದಾದ ಮೇಲೆ! ಮಾರಿದವರು ಹೇಳಲಿಲ್ಲ, ಸರಿ, ಅವರ ಹೊಟ್ಟೆಪಾಡು. ಆಗ ನಾವು ತೋರಿಸುತ್ತಿದ್ದ ಡಾಕ್ಟರೂ "ಹಾಕಿ ನೋಡಿ, ನಷ್ಟ ಏನಿಲ್ಲ" ಅಂದರು. ನಷ್ಟ ಏನಿಲ್ಲ ಅನ್ನೋ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತೆ. ರಾತ್ರಿ ಎರಡು ಗಂಟೆಗೆ ರಕ್ತದ ಕಲೆಯಾದ ರೇಷ್ಮೆಯನ್ನು ತಣ್ಣೀರಲ್ಲಿ ಮೆಲ್ಲಗೆ ಹಿಂಡುತ್ತಾ ನಿಂತವರಿಗೆ ಅದರಲ್ಲಿ ಎಷ್ಟು ನಷ್ಟ ಇದೆ ಅಂತ ಗೊತ್ತು.

ಸ್ನಾನದ ಎಣ್ಣೆಯದೂ ಅದೇ ಕಥೆ. 482 ಮಕ್ಕಳ ಅಧ್ಯಯನ, 2018ರಲ್ಲಿ ಬಂತು. ಅರ್ಧ ಮಕ್ಕಳ ಸ್ನಾನದ ನೀರಿಗೆ ಒಂದು ವರ್ಷ ಎಣ್ಣೆಯಂಥದ್ದು ಬೆರೆಸಿದರು, ಉಳಿದವರಿಗೆ ಬರೀ ನೀರು. ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಅಂದಹಾಗೆ, ಮೈಗೆ ಹಚ್ಚುವ ಮಾಯಿಶ್ಚರೈಸರ್ ಬೇರೆ, ನೀರಿಗೆ ಸುರಿಯುವುದು ಬೇರೆ. ಹಚ್ಚುವುದನ್ನು ಬಿಡಿ ಅಂತ ಯಾರೂ ಹೇಳಿಲ್ಲ. ಅದರಲ್ಲೂ ಯಾವುದು ಒಳ್ಳೇದು, ಲೋಷನ್ನಾ, ಕ್ರೀಮಾ, ಜೆಲ್ಲಾ, ಮುಲಾಮಾ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. 550 ಮಕ್ಕಳ ಮೇಲೆ ನಾಲ್ಕನ್ನೂ ಹೋಲಿಸಿದ ಅಧ್ಯಯನ 2022ರಲ್ಲಿ ಬಂತು. ನಾಲ್ಕೂ ಒಂದೇ. ಮಗು ಯಾವುದನ್ನು ಹಚ್ಚಿಸಿಕೊಳ್ಳುತ್ತೋ ಅದನ್ನು ಹಚ್ಚಿ ಅಷ್ಟೇ. ಇವನು ಮುಲಾಮು ಕಂಡರೆ ಓಡುತ್ತಿದ್ದ, "ಜಿಗಟು ಜಿಗಟು" ಅಂತ. ನಾನು ಹಿಡಿದು ಕೂರಿಸಿ ಹಚ್ಚುತ್ತಿದ್ದೆ. ಆ ಕುಸ್ತಿ ಬೇಕಾಗಿರಲಿಲ್ಲ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ನೀರಿನ ಯಂತ್ರದ ಅಧ್ಯಯನ. ಗಡಸು ನೀರಿರುವ ಊರುಗಳಲ್ಲಿ ಎಕ್ಸಿಮಾ ಜಾಸ್ತಿ ಕಾಣಿಸುತ್ತೆ ಅನ್ನೋದು ಹಳೇ ಗಮನ. ಹಾಗಾದರೆ ನೀರು ಮೆದು ಮಾಡಿದರೆ ವಾಸಿಯಾಗಬೇಕಲ್ಲ? 336 ಮಕ್ಕಳು, ಅರ್ಧ ಜನರ ಮನೆಗೆ ಯಂತ್ರ, 12 ವಾರ. 2011ರಲ್ಲಿ ಫಲಿತಾಂಶ. ಯಂತ್ರ ಇದ್ದ ಮಕ್ಕಳಿಗೆ ಶೇ 20ರಷ್ಟು ಕಡಿಮೆಯಾಯಿತು. ಯಂತ್ರ ಇಲ್ಲದವರಿಗೆ ಶೇ 22ರಷ್ಟು!

ಇಲ್ಲಿ ಎರಡು ಸಂಗತಿ ಇದೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಮೊದಲನೆಯದು, ಏನೂ ಹೊಸದು ಮಾಡದವರಿಗೂ ಕಡಿಮೆಯಾಯಿತು. ಎಕ್ಸಿಮಾ ಒಂದೇ ಸಮ ಇರುವ ಕಾಯಿಲೆ ಅಲ್ಲ. ಏರುತ್ತೆ, ಇಳಿಯುತ್ತೆ. ನಾವು ಹೊಸದೊಂದನ್ನು ಕೊಳ್ಳುವುದು ಯಾವಾಗ? ತೀರಾ ಏರಿದಾಗ. ಮಗು ಮೂರು ರಾತ್ರಿ ಮಲಗಿಲ್ಲ, ನಮಗೆ ಅಳು ಬರುವ ಹಾಗಾಗಿದೆ, ಆಗ ಫೋನ್ ತೆಗೆದು ಆರ್ಡರ್ ಮಾಡ್ತೀವಿ. ಅದು ಮನೆಗೆ ಬರುವ ಹೊತ್ತಿಗೆ ಏರಿದ್ದು ತಾನಾಗೇ ಇಳಿಯಲು ಶುರುವಾಗಿರುತ್ತೆ. ಹೆಸರು ಮಾತ್ರ ಪೈಜಾಮಕ್ಕೆ ಬರುತ್ತೆ. ನನ್ನ ಬೀರುವಿನ ಅರ್ಧ ಸಾಮಾನು "ಕೆಲಸ ಮಾಡಿದೆ" ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೇನೆ. ಅವರೂ ಕೊಂಡಿರುತ್ತಾರೆ. ಅವರು ಇದನ್ನು ಓದುತ್ತಿದ್ದರೆ, ಕ್ಷಮಿಸಿ.

ಎರಡನೆಯದು ಇನ್ನೂ ಕಸಿವಿಸಿಯದು. ಚರ್ಮ ನೋಡಿ ಅಂಕ ಹಾಕುತ್ತಿದ್ದ ನರ್ಸ್‌ಗಳಿಗೆ ಯಾರ ಮನೆಯಲ್ಲಿ ಯಂತ್ರ ಇದೆ ಅಂತ ಗೊತ್ತಿರಲಿಲ್ಲ. ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಅಪ್ಪ ಅಮ್ಮಂದಿರಿಗೆ ಗೊತ್ತಿತ್ತು. ಅವರು ಹಾಕಿದ ಅಂಕದಲ್ಲಿ ಮಾತ್ರ ಯಂತ್ರದ ಕಡೆಗೆ ಸ್ವಲ್ಪ ವಾಲಿತ್ತು. ಅವರೇನು ಸುಳ್ಳು ಹೇಳಲಿಲ್ಲ. ನನಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತೆ. ಇಷ್ಟು ಪಾಡು ಪಟ್ಟ ಮೇಲೆ ಕಣ್ಣಿಗೂ ಏನಾದರೂ ಸಿಗಬೇಕಲ್ವಾ. "ನಮ್ಮ ಅನುಭವದಲ್ಲಿ ಇದು ಕೆಲಸ ಮಾಡ್ತು" ಅಂತ ಯಾರಾದರೂ ಅಂದರೆ ನಾನೀಗ ಜಗಳ ಆಡಲ್ಲ. ನಂಬೋದೂ ಇಲ್ಲ. ನನ್ನ ಅನುಭವವನ್ನೂ ಸೇರಿಸಿ.

ರಕ್ತ ಪರೀಕ್ಷೆಯ ವಿಷಯಕ್ಕೆ ಬರ್ತೀನಿ. ಅಲರ್ಜಿಯಲ್ಲಿ ಕೈ ಇರುವ ಐಜಿಇ ಎನ್ನುವ ಪ್ರತಿಕಾಯವನ್ನು 1960ರ ದಶಕದಲ್ಲಿ ಪತ್ತೆ ಮಾಡಿದ್ದು ಇಬ್ಬರು ಜಪಾನೀಯರು, ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಗಂಡ ಹೆಂಡತಿ. ಅಮೆರಿಕದ ಡೆನ್ವರ್‌ನಲ್ಲಿ ಕೆಲಸ ಮಾಡುತ್ತಿದ್ದರು. ತಮ್ಮ ಚರ್ಮಕ್ಕೇ ಚುಚ್ಚಿಕೊಂಡು ಪ್ರಯೋಗ ಮಾಡಿಕೊಂಡವರು. ಅದೇ ಹೊತ್ತಿಗೆ ಸ್ವೀಡನ್ನಿನ ಉಪ್ಸಾಲಾದಲ್ಲೂ ಬೇರೊಂದು ತಂಡ ಅದನ್ನೇ ಕಂಡುಹಿಡಿಯಿತು. ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ಅದನ್ನು ಅಳೆಯುವ ಪರೀಕ್ಷೆ ನಮ್ಮ ಮನೆಯಲ್ಲಿ ಮಾಡಿದ ಅನಾಹುತ ಕೇಳಿ. ಮಗನ ರಿಪೋರ್ಟಿನಲ್ಲಿ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಸೋಯಾ, ಎಲ್ಲದರ ಮುಂದೆಯೂ ಪಾಸಿಟಿವ್. ಮೂರನ್ನು ಅವನು ಅಷ್ಟು ದಿನ ಆರಾಮಾಗಿ ತಿಂದುಕೊಂಡೇ ಇದ್ದ. ಅವತ್ತಿಂದ ಎಲ್ಲ ಬಂದ್.

ರಕ್ತದಲ್ಲಿ ಐಜಿಇ ಇರುವುದು ಬೇರೆ, ತಿಂದರೆ ಅಲರ್ಜಿ ಆಗುವುದು ಬೇರೆ. ಎಕ್ಸಿಮಾ ಇರುವ ಮಕ್ಕಳಲ್ಲಿ ತಿಂದರೆ ಏನೂ ಆಗದ ಪದಾರ್ಥಕ್ಕೂ ಪಾಸಿಟಿವ್ ಬರುವುದು ಮಾಮೂಲು. ಇದನ್ನು ನನಗೆ ವಿವರಿಸಿದ್ದು ಮೂರನೆಯ ಡಾಕ್ಟರು, ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಮಗನ ತೂಕ ನಿಂತಲ್ಲೇ ನಿಂತಿತ್ತು. ಅದಕ್ಕಿಂತ ಭಯದ ಮಾತೊಂದನ್ನು ಅವರು ಹೇಳಿದರು. ಸುಮ್ನೆ ತಿಂದುಕೊಂಡಿದ್ದನ್ನು ಬಹಳ ಕಾಲ ಬಿಡಿಸಿ, ಮತ್ತೆ ಒಂದು ದಿನ ಕೊಟ್ಟರೆ, ಆಗ ನಿಜವಾಗಲೂ ಜೋರಾಗಿ ಅಲರ್ಜಿ ಆಗುವ ಅಪಾಯ ಇದೆಯಂತೆ. ಹಾಗಾಗಿ ನಾವು ಅವರ ಕಣ್ಣೆದುರೇ ಒಂದೊಂದಾಗಿ ವಾಪಸ್ ಶುರು ಮಾಡಿದೆವು.

ಎಕ್ಸಿಮಾಕ್ಕೂ ಅಲರ್ಜಿಗೂ ಇರುವ ಈ ನಂಟಿನ ಬೇರು ಎಲ್ಲಿದೆ ಅಂತ ಗೊತ್ತಾಗಿದ್ದು ಇತ್ತೀಚೆಗೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಇರ್ವಿನ್ ಮೆಕ್‌ಲೀನ್ ತಂಡ ಫಿಲಾಗ್ರಿನ್ ಎನ್ನುವ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದರೆ ಎಕ್ಸಿಮಾ ಬರುವ ಸಾಧ್ಯತೆ ಬಹಳ ಜಾಸ್ತಿ ಅಂತ ತೋರಿಸಿತು. ಚರ್ಮದ ಮೇಲ್ಪದರ ಗಟ್ಟಿಯಾಗಿ ಕೂರಲು ಈ ಪ್ರೋಟೀನು ಬೇಕು. ಅದು ಸರಿಯಿಲ್ಲದಿದ್ದರೆ ಒಳಗಿನ ತೇವ ಹೊರಗೆ ಹೋಗುತ್ತೆ, ಹೊರಗಿನದು ಒಳಗೆ ನುಗ್ಗುತ್ತೆ. ಹಾಗೆ ನುಗ್ಗುವುದರಲ್ಲಿ ಆಹಾರದ ಕಣಗಳೂ ಇವೆ. ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಹೇಳಿದ್ದು ಇದನ್ನೇ: ಒಡೆದ ಚರ್ಮದ ಮೂಲಕ ಒಳಹೊಕ್ಕರೆ ದೇಹ ಅದನ್ನು ಶತ್ರು ಅಂತ ಕಲಿಯುತ್ತೆ, ಬಾಯಿಯ ಮೂಲಕ ಹೋದರೆ ನೆಂಟ ಅಂತ. (ನೆಂಟ ಅನ್ನೋದು ನನ್ನ ಮಾತು.)

ಆಮೇಲೆ ಅವರು ಪರೀಕ್ಷೆಯನ್ನೂ ಮಾಡಿದರು. ಜೋರಾದ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳು. ಅರ್ಧ ಜನಕ್ಕೆ ಕಡಲೆಕಾಯಿಯ ಪದಾರ್ಥ ತಿನ್ನಿಸಿದರು, ಉಳಿದರ್ಧಕ್ಕೆ ಐದು ವರ್ಷದವರೆಗೆ ಮುಟ್ಟಿಸಲಿಲ್ಲ. ಶುರುವಿನಲ್ಲಿ ಕಡಲೆಕಾಯಿ ಅಲರ್ಜಿಗೆ ಮಾಡುವ ಚರ್ಮದ ಪರೀಕ್ಷೆ ನೆಗೆಟಿವ್ ಇದ್ದವರಲ್ಲಿ, ದೂರ ಇಟ್ಟ ಮಕ್ಕಳ ಪೈಕಿ ಶೇ 13.7 ಮಂದಿಗೆ ಕಡಲೆಕಾಯಿ ಅಲರ್ಜಿ ಬಂತು. ತಿಂದವರಲ್ಲಿ ಶೇ 1.9. ಇದು 2015ರ ಮಾತು. ಅದಕ್ಕೆ ಮೊದಲು ಅಮೆರಿಕದ ಮಕ್ಕಳ ವೈದ್ಯರ ಸಂಘವೇ, ಅಲರ್ಜಿ ಬರಬಹುದಾದ ಮಕ್ಕಳಿಗೆ ಮೂರು ವರ್ಷದವರೆಗೆ ಕೊಡಬೇಡಿ ಅಂತ ಸಲಹೆ ಕೊಟ್ಟಿತ್ತು. 2008ರಲ್ಲಿ ಅದು ಆ ಸಲಹೆ ಕೈಬಿಟ್ಟಿತು. ಸಲಹೆ ಪಾಲಿಸಿದ ಅಮ್ಮಂದಿರ ಬಗ್ಗೆ ಯೋಚಿಸಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. (ಇದನ್ನು ಓದಿ ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ. ಜೋರು ಎಕ್ಸಿಮಾ ಇರುವ ಮಗುವಾದರೆ ಡಾಕ್ಟರನ್ನು ಕೇಳಿಯೇ ಮುಂದುವರೀಬೇಕು.)

ಚರ್ಮದ ತಡೆಗೋಡೆಯೇ ಸೋರುತ್ತಿದೆ ಅಂದರೆ, ಹುಟ್ಟಿದ ದಿನದಿಂದ ಚೆನ್ನಾಗಿ ಮಾಯಿಶ್ಚರೈಸರ್ ಹಚ್ಚಿದರೆ ಎಕ್ಸಿಮಾ ಬರದ ಹಾಗೆ ತಡೀಬಹುದಲ್ಲ? ಕೇಳಲಿಕ್ಕೆ ಎಷ್ಟು ಸರಿಯಾಗಿದೆ! ನಮ್ಮತ್ತೆ ಬೇರೆ ಮಾತಲ್ಲಿ ಅದನ್ನೇ ಅನ್ನುತ್ತಿದ್ದರು, "ಕೂಸಿದ್ದಾಗ ಮೈ ಸರಿಯಾಗಿ ನೋಡ್ಕೊಂಡಿಲ್ಲ ಕಣಮ್ಮ" ಅಂತ. ಆ ಮಾತು ನನ್ನೊಳಗೆ ವರ್ಷಗಟ್ಟಲೆ ಕೂತಿತ್ತು. 2020ರಲ್ಲಿ ಬ್ರಿಟನ್ನಿನಿಂದ 1394 ಶಿಶುಗಳ ಅಧ್ಯಯನ ಬಂತು. ಎಲ್ಲವೂ ಮನೆತನದಲ್ಲಿ ಅಲರ್ಜಿ ಇದ್ದ ಮಕ್ಕಳು. ಒಂದು ವರ್ಷ ದಿನಾ ಹಚ್ಚಿದವರಲ್ಲಿ ಎರಡನೇ ವಯಸ್ಸಿಗೆ ಎಕ್ಸಿಮಾ ಇದ್ದದ್ದು ಶೇ 23. ಹಚ್ಚದವರಲ್ಲಿ ಶೇ 25. ಅಂದರೆ ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಅವತ್ತು ರಾತ್ರಿ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಅದನ್ನು ಓದಿ ಅತ್ತುಬಿಟ್ಟೆ. ಸಂಶೋಧನೆ ವಿಫಲವಾಯಿತು ಅಂತ ಪತ್ರಿಕೆಗಳು ಬರೆದಿದ್ದವು. ನನ್ನ ಮಟ್ಟಿಗೆ ಅದು ಬಿಡುಗಡೆ ಪತ್ರ.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. 2025ರಲ್ಲಿ ಅಮೆರಿಕದಿಂದ 1247 ಶಿಶುಗಳ ಇನ್ನೊಂದು ಅಧ್ಯಯನ ಬಂದಿದೆ. ಇದರಲ್ಲಿ ಮನೆತನ ನೋಡಿ ಆರಿಸಲಿಲ್ಲ, ಎಲ್ಲ ಥರದ ಮಕ್ಕಳೂ ಇದ್ದರು. ದಿನಾ ಹಚ್ಚಿದವರಲ್ಲಿ ಎಕ್ಸಿಮಾ ಶೇ 36, ಹಚ್ಚದವರಲ್ಲಿ ಶೇ 43. ನನ್ನ ಬಿಡುಗಡೆ ಪತ್ರಕ್ಕೆ ಸಣ್ಣ ತಿದ್ದುಪಡಿ ಬಂದ ಹಾಗೆ. ಓದಿದಾಗ ಎರಡು ದಿನ ಮಂಕಾಗಿದ್ದೆ. ಆಮೇಲೆ ಅನ್ನಿಸಿತು, "ಇಲ್ಲ" ಎಂದ ಅಧ್ಯಯನ ನನಗೆ ಹಿತವಾಗಿದೆ ಅಂತ ಒಪ್ಪಿಕೊಂಡು, "ಇದೆ" ಎಂದದ್ದನ್ನು ಬಿಟ್ಟರೆ ನಾನೂ ಆ ಪೈಜಾಮ ಮಾರುವವರ ಸಾಲಿಗೆ ಸೇರ್ತೀನಿ. ಇದೇ ಕಾರಣಕ್ಕೆ ಎರಡನ್ನೂ ಇಲ್ಲಿ ಬರೆದಿದ್ದೇನೆ.

ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮಿನ ಬಗ್ಗೆ ಎರಡೇ ಮಾತು. 1952ರಿಂದ ಬಳಕೆಯಲ್ಲಿರುವ ಮದ್ದು ಅದು. ನಾನು ಹೆದರಿ ಸಾಸಿವೆ ಕಾಳಿನಷ್ಟು ಹಚ್ಚುತ್ತಿದ್ದೆ. ಅದರಿಂದ ಉರಿ ಆರುತ್ತಲೂ ಇರಲಿಲ್ಲ, ಟ್ಯೂಬು ಬಿಡಲೂ ಆಗುತ್ತಿರಲಿಲ್ಲ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಹಸ್ತದಷ್ಟು ಜಾಗಕ್ಕೆ ಸಾಕು. ಈ ಅಳತೆಯನ್ನು ಮೊದಲ ಡಾಕ್ಟರೇ ತೋರಿಸಬಹುದಿತ್ತು. ವಿಪರೀತ ಬಳಸಿದರೆ ತೊಂದರೆ ಇದೆ, ನಿಜ. ಡಾಕ್ಟರು ಹೇಳಿದಷ್ಟು ದಿನ, ಹೇಳಿದಷ್ಟು ಹಚ್ಚಿದಾಗ ಚರ್ಮ ತೆಳುವಾಗುವುದು ಅಪರೂಪ. ಹೊಸ ಔಷಧಿಗಳನ್ನೂ ನಾನು ಹೀಗಳೆಯುತ್ತಿಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡುಪಿಲುಮ್ಯಾಬ್ ಇಂಜೆಕ್ಷನ್ನಿನಿಂದ ಜೋರು ಎಕ್ಸಿಮಾದ ಎಷ್ಟೋ ಜನ ಮತ್ತೆ ನಿದ್ದೆ ಮಾಡುತ್ತಿದ್ದಾರೆ. ನಮ್ಮವನಿಗೆ ಅಷ್ಟು ಬೇಕಾಗಲಿಲ್ಲ.

ಇನ್ನು "ಕೆರೀಬೇಡ" ಅನ್ನೋ ಮಾತು. ದಿನಕ್ಕೆ ನೂರು ಸಲ ಹೇಳಿದ್ದೇನೆ. ಎಕ್ಸಿಮಾ ಚರ್ಮದ ಮೇಲೆ ಬೀಡುಬಿಡುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಂದು ಕಿಣ್ವವನ್ನು ಬಿಟ್ಟು ನೇರವಾಗಿ ನರವನ್ನೇ ಕೆಣಕಿ ನವೆ ಹುಟ್ಟಿಸುತ್ತೆ ಅಂತ ಹಾರ್ವರ್ಡ್‌ನ ಐಸಾಕ್ ಚಿಯು ತಂಡ 2023ರಲ್ಲಿ ಇಲಿಗಳಲ್ಲಿ ತೋರಿಸಿತು. 2025ರಲ್ಲಿ ಪಿಟ್ಸ್‌ಬರ್ಗ್‌ನ ಇನ್ನೊಂದು ತಂಡ ಕೆರೆತದಿಂದ ಊತ ಹೆಚ್ಚುತ್ತೆ, ಆದರೆ ಅದೇ ಬ್ಯಾಕ್ಟೀರಿಯಾ ಕಡಿಮೆಯೂ ಆಗುತ್ತೆ ಅಂತ, ಅದೂ ಇಲಿಗಳಲ್ಲೇ, ಕಂಡುಕೊಂಡಿತು. ಇದನ್ನು ಮಗನಿಗೆ ಹೇಳಿ ತಪ್ಪು ಮಾಡಿದೆ. ಈಗ ಬೈದರೆ "ಬ್ಯಾಕ್ಟೀರಿಯಾ ಓಡಿಸ್ತಿದೀನಿ" ಅಂತಾನೆ.

ಈಗಿನ ಡಾಕ್ಟರು ಒಂದು ಫಾರಂ ಕೊಡುತ್ತಾರೆ. ಏಳು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಅಂಕದವರೆಗೆ, ಒಟ್ಟು 28. ಕಳೆದ ವಾರ ಎಷ್ಟು ದಿನ ನವೆ ಇತ್ತು, ಎಷ್ಟು ದಿನ ರಕ್ತ ಬಂತು, ಚರ್ಮ ಬಿರಿಯಿತಾ, ಉದುರಿತಾ, ಹೀಗೆ. ನಾನು ಮೇಲೆ ಹೇಳಿದ ಅಧ್ಯಯನಗಳಲ್ಲಿ ಕೆಲವು ಇದೇ ಫಾರಂನಿಂದ ಅಳೆದದ್ದು. ಮೊದಲು ನಾನು ತುಂಬುತ್ತಿದ್ದೆ. ಈ ಸಲ ಅವನೇ ಪೆನ್ನು ಕಿತ್ತುಕೊಂಡ. ನಾನು ಓದಿ ಹೇಳಿದೆ, "ಎಷ್ಟು ರಾತ್ರಿ ನಿದ್ದೆ ಕೆಟ್ಟಿತು?"

ಪೆನ್ನು ಎತ್ತಿ ಹಿಡಿದು ಕೇಳಿದ, "ನಂದಾ, ನಿಂದಾ ಅಮ್ಮ?"

"ನಿಂದು ಕಣೋ. ನನ್ನದಕ್ಕೆ ಇದರಲ್ಲಿ ಜಾಗ ಇಲ್ಲ."

ಸ್ವಲ್ಪ ಯೋಚಿಸಿ ಒಂದು ಚೌಕಕ್ಕೆ ಗುರುತು ಹಾಕಿದ. ಒಂದರಿಂದ ಎರಡು ರಾತ್ರಿ. ಆಮೇಲೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: ಅಮ್ಮಂದು ನಾಲ್ಕು.