ಕಂಬಿ ಕೀಳುವ ಕಾಲ

ಮೊನ್ನೆ ಎರಡು ದಿನ ಮಳೆ ಹಿಡಿದು ಬಿಟ್ಟಿತು. ಮೂರನೇ ದಿನ ದಾವಣಗೆರೆಯ ಪಿ.ಬಿ. ರಸ್ತೆಯ ಆಚೀಚೆ ಗ್ಯಾರೇಜುಗಳ ಮುಂದೆ ಪ್ರತಿ ವರ್ಷದ ಜಾತ್ರೆ ಶುರು. ಒಳಗೆ ನೀರು ಸೋರಿ ನಾಲ್ಕೂ ಬಾಗಿಲು ಹಾರುಹೊಡೆದು ನಿಂತ ಕಾರುಗಳು, ಕಾಂಪೌಂಡಿನ ಮೇಲೆ ಹಪ್ಪಳದ ಹಾಗೆ ಹರವಿದ ಮ್ಯಾಟುಗಳು.

‘ಎಸಿ ನೀರಿರ್ಬೇಕು ಬಿಡ್ರಿ ಯಜಮಾನ್ರೇ.’

‘ಹತ್ತು ದಿನದಿಂದ ಎಸಿನೇ ಹಾಕಿಲ್ಲಪ್ಪಾ.’

‘ಹಂಗಾರೆ ಮುಂದಿನ ಗ್ಲಾಸು.’

ಗ್ಲಾಸಿನ ಸುತ್ತ ಒಂದು ಟ್ಯೂಬು ಸಿಲಿಕಾನ್ ಬಳಿದದ್ದಾಯಿತು. ಮತ್ತೆ ಮಳೆ, ಮತ್ತೆ ಹಪ್ಪಳ. ಕತ್ತೆತ್ತಿ ಮೇಲೆ ನೋಡುವವರು ಮಾತ್ರ ಯಾರೂ ಇಲ್ಲ. ಅಲ್ಲಿ ಕಾರಿನ ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಎರಡು ಕಂಬಿಗಳು ಮದುವೆ ಮನೆಯ ದೊಡ್ಡಪ್ಪನ ಥರ ಕೆಲಸವಿಲ್ಲದೆ, ಗತ್ತು ಬಿಡದೆ ಮಲಗಿವೆ. ರೂಫ್ ರೈಲು.

ಎಂಥ ಗಾಂಭೀರ್ಯ ಅಂತೀರಿ! ಹಿಮಾಲಯ ಹತ್ತಿ ಟೆಂಟು ಹೊಡೆಯಲು ಹೊರಟ ಗಾಡಿ, ಏನೋ ಸ್ವಲ್ಪ ಉಪ್ಪಿನಕಾಯಿ ಮರೆತಿದ್ದಕ್ಕೆ ನಿಟುವಳ್ಳಿಯಲ್ಲಿ ನಿಂತಿದೆ ಅನ್ನಿಸಬೇಕು. ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ತೆರೆದರೆ, ಎಷ್ಟೋ ಮಾಡೆಲ್‌ಗಳಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬೇರೆಯೇ ಕಥೆ: ಇದು ಅಲಂಕಾರಕ್ಕೆ, ಇದರ ಮೇಲೆ ಭಾರ ಹೇರಬೇಡಿ. ನಿಜವಾಗಿ ಭಾರ ಹೊರುವ ಜಾತಿಯ ಕಂಬಿಯಾದರೂ ಎರಡನ್ನೂ ಸೇರಿಸುವ ಅಡ್ಡಪಟ್ಟಿ ಹಾಕದೆ ಏನೂ ಮಾಡಲಾರದು. ಹಲಗೆಯಿಲ್ಲದ ಎತ್ತಿನ ಗಾಡಿಯ ಎರಡು ಮೂಕಿ ಅದು. ಹಾಗಾಗಿ ಈ ಶೋಕಿ ಕಂಬಿಯ ಮೇಲೆ ಧೈರ್ಯವಾಗಿ ಕಟ್ಟಬಹುದಾದ ಸಾಮಾನು ನಮ್ಮೂರಲ್ಲಿ ಒಂದೇ, ಮಂಡಕ್ಕಿ ಚೀಲ. ನೋಡಲು ಆನೆ, ತೂಕದಲ್ಲಿ ಇಲಿ. ಅಡ್ಡಪಟ್ಟಿ ಕೇಳಿದರೆ ಅದಕ್ಕೆ ಬೇರೆ ಬಿಲ್ಲು.

ಜಿಎಸ್‌ಟಿಯವರು ದೊಡ್ಡ ಎಸ್‌ಯುವಿಯನ್ನು ಗುರುತಿಸಲು ಎಷ್ಟು ತಲೆ ಕೆಡಿಸಿಕೊಂಡರು ಪಾಪ. 4000 ಮಿ.ಮೀ.ಗಿಂತ ಉದ್ದ ಇರಬೇಕು, ಎಂಜಿನ್ 1500 ಸಿಸಿ ದಾಟಬೇಕು, ಕಾರಿನ ಅಡಿ ನೆಲದಿಂದ ಕನಿಷ್ಠ 170 ಮಿ.ಮೀ. ಎತ್ತರ ಇರಬೇಕು. ಟೇಪು ಹಿಡಿದು ಅಡಿ ಅಳೆದರು, ಉದ್ದ ಅಳೆದರು, ತಲೆ ಮೇಲೆ ಮಾತ್ರ ಕೈ ಇಡಲಿಲ್ಲ. ಜನರ ಲೆಕ್ಕ ಸಲೀಸು: ಎರಡು ಕಂಬಿ ಇದ್ದರೆ ಎಸ್‌ಯುವಿ, ಇಲ್ಲದಿದ್ದರೆ ‘ಅಯ್ಯೋ, ಬೇಸ್ ಮಾಡೆಲ್ಲಾ ಅಣ್ಣ?’

ಅಂಬಾಸಿಡರ್ ನೆನಪಿದೆಯಲ್ಲ, 2014ರಲ್ಲಿ ತಯಾರಿಕೆ ನಿಂತದ್ದು? ಅದರ ತಾರಸಿಯ ಅಂಚಿಗೆ ಮಳೆನೀರು ಹರಿಯಲು ತಗಡಿನ ಕಾಲುವೆ ಇತ್ತು. ಕ್ಯಾರಿಯರ್‌ನ ಕಾಲುಗಳನ್ನು ಆ ಕಾಲುವೆಯ ಅಂಚಿಗೇ ಕ್ಲಾಂಪು ಹಾಕಿ ಬಿಗಿಯುತ್ತಿದ್ದರು. ಒಂದು ತೂತು ಕೊರೆಯಲಿಲ್ಲ. ಮದುಮಗಳ ಟ್ರಂಕು, ಹಾಸಿಗೆ ಸುರುಳಿ, ಹಂಡೆ, ಸೋಡಾ ಪೆಟ್ಟಿಗೆ, ಕೆಲವೊಮ್ಮೆ ಒಬ್ಬ ಭಾವಮೈದುನ, ಎಲ್ಲ ಮೇಲೇರಿದರೂ ಒಳಗೆ ಕೂತವರ ನೆತ್ತಿ ಒಣಗಿಯೇ ಇರುತ್ತಿತ್ತು. ಹೊರೆ ಹೊತ್ತ ಕಾರು ಸೋರಲಿಲ್ಲ, ಹೊರದ ಕಾರು ಸೋರುತ್ತಿದೆ. ಇದಕ್ಕೆ ತಂತ್ರಜ್ಞಾನದ ಮುನ್ನಡೆ ಅಂತ ಹೆಸರು.

ಕಂಬಿ ಇರುವ ಕಾರೆಲ್ಲ ಸೋರುತ್ತದೆ ಅಂತಲ್ಲ. ಮೂರು ಬಗೆ ಇದೆ. ಕಂಪನಿಯೇ ತೂತು ಹಾಕಿ, ಬಣ್ಣ ಹೊಡೆದು, ರಬ್ಬರ್ ಕೊಟ್ಟು ಕೂರಿಸಿದ್ದು ಮೊದಲನೆಯದು. ಡಬಲ್ ಟೇಪಿನಲ್ಲಿ ಅಂಟಿಸಿದ್ದು ಎರಡನೆಯದು, ಬಿಸಿಲಿಗೆ ಟೇಪು ಬಿಟ್ಟರೆ ಹೈವೇಯಲ್ಲಿ ಹಿಂದಿನವನ ಗ್ಲಾಸಿಗೆ ಪ್ರಸಾದ. ಮೂರನೆಯವನು ಮಹಾನುಭಾವ: ಅಕ್ಸೆಸರಿ ಅಂಗಡಿ ಮುಂದೆ ಕಾರು ನಿಲ್ಲಿಸಿ, ಒಂದು ಮಿಲಿಮೀಟರೂ ದಪ್ಪವಿಲ್ಲದ ತಾರಸಿಗೆ ಡ್ರಿಲ್ ಹಿಡಿಸಿ, ಸ್ಕ್ರೂ ತಿರುಗಿಸಿಕೊಂಡು ಬಂದವನು. ಕೊರೆದ ತೂತಿನ ಬಾಯಿ ಬರೀ ಉಕ್ಕು, ಬಣ್ಣವಿಲ್ಲ. ಡ್ರಿಲ್ಲಿನ ಪುಡಿಯನ್ನು ಒರೆಸದೆ ಬಿಟ್ಟರೆ ಒಂದು ರಾತ್ರಿಯ ಇಬ್ಬನಿಗೇ ಬಿಳಿ ಕಾರಿನ ನೆತ್ತಿಯಲ್ಲಿ ಕಂದು ಚುಕ್ಕಿ ಏಳುತ್ತದೆ.

ಮೊದಲನೆಯದಕ್ಕೂ ವಯಸ್ಸಾಗುತ್ತದೆ. ಕಂಬಿ ಅಲ್ಯೂಮಿನಿಯಂ, ತಾರಸಿ ಉಕ್ಕು. ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಕಂಬಿ 40 ಡಿಗ್ರಿ ಬಿಸಿಯೇರಿದರೆ ತಾರಸಿಗಿಂತ ಅರ್ಧ ಮಿಲಿಮೀಟರಿಗೂ ಜಾಸ್ತಿ ಬೆಳೆಯುತ್ತದೆ, ಸಂಜೆಗೆ ಕುಗ್ಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ದಿನಾ ಈ ಜಗ್ಗಾಟ. ನಡುವೆ ಸಿಕ್ಕಿಬಿದ್ದ ರಬ್ಬರ್ ವಾಷರ್ ನಾಲ್ಕೈದು ಬೇಸಿಗೆಗೆ ಹಳೇ ಚಕ್ಕುಲಿಯಾಗುತ್ತದೆ. ಅದರಡಿ ಸೇರಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಒಣಗಲು ಗಾಳಿಯಿಲ್ಲ. ತುಕ್ಕು ಉಕ್ಕಿಗಿಂತ ಎಷ್ಟೋ ಪಟ್ಟು ಉಬ್ಬುವ ವಸ್ತು. ಬಣ್ಣ ಗುಳ್ಳೆ ಎದ್ದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗೆ ಅರ್ಧ ಊಟ ಮುಗಿದಿರುತ್ತದೆ.

ಕಿಂಡಿಯ ಮಹಿಮೆಯನ್ನು ದುರ್ಗದವರಿಗೆ ಹೇಳಿಕೊಡಬೇಕಾಗಿಲ್ಲ. ಏಳು ಸುತ್ತಿನ ಕೋಟೆಗೆ ಒಂದೇ ಕಿಂಡಿಯಿಂದ ಆಪತ್ತು ಬಂತು. ನಾವು ಒಂದು ತಾರಸಿಗೆ ಆರೆಂಟು ಕಿಂಡಿ ಇಟ್ಟು ಕಾವಲಿಗೆ ರಬ್ಬರ್ ಬಿಲ್ಲೆ ನಿಲ್ಲಿಸಿದ್ದೇವೆ. ಓಬವ್ವ ನೀರಿಗೆ ಹೋದವಳು. ಇಲ್ಲಿ ನೀರೇ ಬರುತ್ತದೆ. ಅದು ಹರಿಯುವ ಚಂದ ನೋಡಿದರೆ ಪಾಳೇಗಾರರ ಕಾಲದ ನೀರಾವರಿ ನೆನಪಾಗಬೇಕು. ಬೆಟ್ಟದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿ ಹೊಂಡಕ್ಕೆ ಹರಿದು, ಸಿಹಿನೀರು ಹೊಂಡ ಸೇರಿ, ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತಿತ್ತಲ್ಲ, ಹಾಗೇ ಕಂಬಿಯ ಬೋಲ್ಟಿನಿಂದ ತಾರಸಿಯ ಒಳಹೊದಿಕೆಯಾದ ಟಾಪ್ ಲೈನಿಂಗ್ ಮೇಲೆ, ಅಲ್ಲಿಂದ ಬಾಗಿಲ ಪಕ್ಕದ ಪಿಲ್ಲರ್ ಒಳಗೆ, ಪಿಲ್ಲರಿಂದ ಕಾರ್ಪೆಟ್ ಕೆಳಗಿನ ಫೋಮಿಗೆ, ಹಿಂದಕ್ಕೆ ಇಳಿಜಾರಿದ್ದರೆ ಸ್ಟೆಪ್ನಿ ಗುಂಡಿಗೆ. ಬ್ರೇಕು ಹಾಕಿದಾಗ ಲೈನಿಂಗ್ ಮೇಲಿನ ನೀರು ಮುಂದೆ ಓಡಿ ಒಳಗಿನ ಲೈಟಿನ ಹತ್ತಿರ ತೊಟ್ಟಿಕ್ಕುತ್ತದೆ. ನೋಡಿದವರು ‘ಲೈಟ್ ಸೋರ್ತಿದೆ’ ಅಂತ ಲೈಟಿಗೂ ಸಿಲಿಕಾನ್ ಬಳಿಯುತ್ತಾರೆ.

ಸಿಲಿಕಾನ್! ನಮ್ಮ ಕಾಲದ ಸರ್ವರೋಗ ನಿವಾರಿಣಿ. ಬಾತ್‌ರೂಮಿಗೂ ಅದೇ, ಅಕ್ವೇರಿಯಮ್ಮಿಗೂ ಅದೇ. ಹಚ್ಚುವಾಗ ವಿನೆಗರ್ ವಾಸನೆ ಹೊಡೆಯಿತೋ, ಅದು ಗಟ್ಟಿಯಾಗುತ್ತ ಅಸೆಟಿಕ್ ಆಮ್ಲ ಬಿಡುವ ಜಾತಿ. ಬರೀ ಉಕ್ಕಿಗೆ ಅದನ್ನು ಬಳಿಯುವುದೆಂದರೆ ತುಕ್ಕಿಗೆ ಒಗ್ಗರಣೆ ಹಾಕಿದಂತೆ. ಮೇಲಿನಿಂದ ಬಳಿದರೆ ಒಳಗೆ ಸಿಕ್ಕಿಕೊಂಡ ನೀರು ಅಲ್ಲೇ ಕಾಯಂ ಬಾಡಿಗೆದಾರ. ನಾಳೆ ಪೇಂಟ್ ಹೊಡೆಸಲು ಹೋದರೆ ಸಿಲಿಕಾನ್ ಮುಟ್ಟಿದ ಜಾಗದಲ್ಲಿ ಬಣ್ಣ ಮೀನಿನ ಕಣ್ಣಿನ ಥರ ಬಾಯಿ ಬಿಡುತ್ತದೆ.

ಶೋರೂಮಿನವರನ್ನು ವಾರಂಟಿ ಕೇಳಿದರೆ ‘ಅದು ಹೊರಗಿನ ಫಿಟಿಂಗು ಸಾರ್’. ಅದೇ ಕಟ್ಟಡದಲ್ಲಿ, ಅದೇ ಬಿಲ್ಲಿನಲ್ಲಿ ಹಾಕಿದ್ದಾದರೂ! ಇನ್ಶೂರೆನ್ಸಿನವರ ಪಾಲಿಗೆ ತುಕ್ಕೆಂದರೆ ಸವಕಳಿ, ಅದಕ್ಕೆ ದುಡ್ಡಿಲ್ಲ. ಒಟ್ಟಿನಲ್ಲಿ ಮಾರಿದವನು ಕಂಬಿ ಕಿತ್ತ, ಕೊಂಡವನು ಕಂಬಿ ಎಣಿಸುತ್ತಿದ್ದಾನೆ. ನಗಬೇಕು ಅಂತಲೇ ಕೂತದ್ದು, ಆದರೆ ಐದು ವರ್ಷ ಕಂತು ಕಟ್ಟುವ ಮನುಷ್ಯ ಕಾರಿನೊಳಗೆ ಮಳೆ ಬರಬಾರದು ಅಂತ ಕೇಳುವುದೂ ದುರಾಸೆಯಾ? ಲೈನಿಂಗ್ ಹಿಂದೆ ಕರ್ಟನ್ ಏರ್‌ಬ್ಯಾಗ್ ಇದೆ, ಕಾರ್ಪೆಟ್ ಕೆಳಗೆ ವೈರಿನ ಕನೆಕ್ಟರುಗಳಿವೆ. ಬೂಷ್ಟು ಹಿಡಿದ ಗಾಳಿ ಕುಡಿಯುವುದು ಹಿಂದಿನ ಸೀಟಿನ ಮಗು. ಇದನ್ನೆಲ್ಲ ‘ನಾರ್ಮಲ್ ಸಾರ್’ ಅನ್ನುವ ಬಾಯಿಗೆ ಏನು ಹೇಳುವುದು.

ಇರಲಿ. ಕಂಬಿ ಕೀಳುವುದೇ ಸೈ ಅನ್ನುವವರಿಗೆ ಒಂದಿಷ್ಟು ಮಾತು. ಮೊದಲು ಕಳ್ಳ ಯಾರೆಂದು ಖಾತ್ರಿ ಮಾಡಿಕೊಳ್ಳಿ: ಒಳಗೆ ಒಬ್ಬರು ಟಾರ್ಚು ಹಿಡಿದು ಕೂತು, ಹೊರಗಿನವರು ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ನಾಲ್ಕೈದು ನಿಮಿಷ ನೀರು ಬಿಡಬೇಕು. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಪೈಪು ಕಟ್ಟಿದೆಯಾ ನೋಡಿ; ಬಹಳ ಸಲ ಕಂಬಿಯ ಮೇಲೆ ಬಂದ ಅಪವಾದ ಅದರದ್ದು. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ ಹತ್ತು ನಿಮಿಷ ಸುಮ್ಮನಿರಿ, ಏರ್‌ಬ್ಯಾಗಿನ ಮರ್ಯಾದೆಗೆ. ಕಂಬಿಯ ಸುತ್ತ ಮಾಸ್ಕಿಂಗ್ ಟೇಪು ಅಂಟಿಸಿ, ತುದಿಯ ಕ್ಯಾಪನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಎಬ್ಬಿಸಬೇಕು. ಸ್ಕ್ರೂಡ್ರೈವರ್ ಹಾಕಿದಿರೋ, ಕ್ಯಾಪೂ ಹೋಯಿತು ಬಣ್ಣವೂ ಹೋಯಿತು. ಕೆಳಗೆ ನಕ್ಷತ್ರದಾಕಾರದ ಗುಳಿಯಿರುವ ಟಾರ್ಕ್ಸ್ ಬೋಲ್ಟು ಸಿಕ್ಕರೆ ಪುಣ್ಯವಂತರು. ನಟ್ಟು ಒಳಗಿದ್ದರೆ ಸನ್ ವೈಸರ್, ಹಿಡಿಕೆ, ಲೈಟು, ಪಿಲ್ಲರ್ ಮುಚ್ಚಳ ಬಿಚ್ಚಿ ಲೈನಿಂಗನ್ನು ಒಂದು ಬದಿ ಇಳಿಸಬೇಕು. ಮಡಿಸಬಾರದು, ಬಿದ್ದ ಗೆರೆ ಹೋಗುವುದಿಲ್ಲ. ಎತ್ತುವಾಗ ಇಬ್ಬರು ಬೇಕು, ನೆಟ್ಟಗೆ ಮೇಲಕ್ಕೆ. ಓರೆಯಾದರೆ ಬೋಲ್ಟಿನ ಮೊನೆ ತಾರಸಿಗೆ ಗೀರು ಬರೆಯುತ್ತದೆ. ಟೇಪಿನ ಕಂಬಿಯಾದರೆ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಮೀನಿನ ಗಾಳದ ದಾರದಲ್ಲಿ ಗರಗಸದಂತೆ ಕೊಯ್ಯಿರಿ.

ತುಕ್ಕನ್ನು 80 ನಂಬರಿನ ಎಮರಿಯಲ್ಲಿ ಹೊಳೆಯುವ ಲೋಹ ಕಾಣುವವರೆಗೆ, ಕಂಡ ಜಾಗದಿಂದ ಎರಡು ಸೆಂಟಿಮೀಟರ್ ಆಚೆವರೆಗೂ ಉಜ್ಜಬೇಕು. ಗುಳಿ ಉಳಿದರೆ ತುಕ್ಕನ್ನು ತಣ್ಣಗಾಗಿಸುವ ಫಾಸ್ಫಾರಿಕ್ ಆಮ್ಲದ ಕನ್ವರ್ಟರ್, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಬಣ್ಣ, ಕ್ಲಿಯರ್. ತೂತಿನ ಒಳ ಅಂಚಿಗೂ ಸಣ್ಣ ಬ್ರಶ್ಶಿನಲ್ಲಿ ಪ್ರೈಮರ್ ತಾಕಿಸಿ. ಎಲ್ಲರೂ ಬಿಡುವುದು ಅದನ್ನೇ, ತುಕ್ಕು ಮತ್ತೆ ಹುಟ್ಟುವುದೂ ಅಲ್ಲೇ. ತೂತಿಗೆ ಬಿರಡೆಯಂಥ ರಬ್ಬರ್ ಗ್ರೊಮೆಟ್ಟು, ಮೇಲೆ ಪಾಲಿಯುರೆಥೇನ್ ಸೀಮ್ ಸೀಲರ್. ‘ವೆಲ್ಡ್ ಹೊಡೆದುಬಿಡಾಣ’ ಅಂದರೆ ಲೈನಿಂಗ್ ಪೂರ್ತಿ ಹೊರಗೆ ಬಂದಿದೆಯಾ ಕೇಳಿ. ಇಲ್ಲದಿದ್ದರೆ ಮಳೆಯ ಜೊತೆಗೆ ಬೆಂಕಿಯೂ.

ಕೊನೆಗೆ ಉಳಿಯುವುದು ತಾರಸಿಯ ಎರಡೂ ಬದಿಯ ಬೋಳು ಕಾಲುವೆ. ಕಂಬಿ ಇಲ್ಲದ ಕೆಳಗಿನ ಮಾಡೆಲ್ಲಿಗೆ ಬರುವ ಉದ್ದನೆಯ ಮೋಲ್ಡಿಂಗ್ ಪಟ್ಟಿ ತಂದು ಕೂರಿಸಿದರೆ ಮುಗಿಯಿತು. ಎಡ-ಬಲ ಬೇರೆ ಬೇರೆ, ಎರಡೂ ಹೇಳಿ ತರಿಸಿ. ಸ್ಪೇರ್ ಪಾರ್ಟ್ಸ್ ಕೌಂಟರಿನ ಹುಡುಗ ಕಂಪ್ಯೂಟರ್ ನೋಡುತ್ತಾನೆ, ನಿಮ್ಮನ್ನು ನೋಡುತ್ತಾನೆ, ಮತ್ತೆ ಕಂಪ್ಯೂಟರ್ ನೋಡುತ್ತಾನೆ.

‘ಸಾರ್, ಇದು ಬೇಸ್ ಮಾಡೆಲ್ ಪಾರ್ಟು. ನಿಮ್ದು ಟಾಪ್ ಎಂಡ್ ಗಾಡಿ ಅಲ್ವಾ?’